ಕಣ್ಣು ಒಡೆಯುವ ಹೊತ್ತು



ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಕಡ್ಡಿ ಕೊಯ್ದ ಮಾರನೆಯ ದಿನ ತೋಟಕ್ಕೆ ಹೋದರೆ ಮನಸ್ಸಿಗೆ ಒಂಥರಾ ಆಗುತ್ತದೆ. ನಿನ್ನೆಯವರೆಗೆ ಆಳೆತ್ತರ ನಿಂತಿದ್ದ ಸೊಪ್ಪು ಇವತ್ತು ರೇಷ್ಮೆಯ ಹುಳುಮನೆ ಸೇರಿದೆ. ತೋಟದಲ್ಲಿ ಉಳಿದಿರುವುದು ಸಾಲು ಸಾಲು ಬೊಡ್ಡೆ ಮಾತ್ರ. ಹುಡುಗನಾಗಿದ್ದಾಗ ನನಗೆ ಆ ನೋಟ ಹಿಡಿಸುತ್ತಿರಲಿಲ್ಲ, ಗಿಡ ಸತ್ತೇಹೋಯಿತು ಅನ್ನಿಸುತ್ತಿತ್ತು. ಅಮ್ಮ ಮಾತ್ರ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ಎಂಟು ದಿನ ತಡಿ, ಕಣ್ಣು ಒಡೀತದೆ" ಅನ್ನುತ್ತಿದ್ದರು.

ಎಂಟನೆಯ ದಿನ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆ. ಬೂದು ತೊಗಟೆಯ ಮೇಲೆ ಸಾಸಿವೆ ಕಾಳಿನಷ್ಟು ಉಬ್ಬು. ಅದರ ಮೇಲೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಕಂದು ಹೊದಿಕೆ. ಆ ಹೊದಿಕೆಯ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು ಒಳಗಿನಿಂದ ಎಳೆ ಹಸಿರು ಇಣುಕುತ್ತಿತ್ತು. ಮತ್ತೆರಡು ದಿನಕ್ಕೆ ಅದು ಮಡಿಸಿಟ್ಟ ಎಲೆ, ಇನ್ನೆರಡು ತಿಂಗಳಿಗೆ ಮತ್ತೆ ಆಳೆತ್ತರದ ಕಡ್ಡಿ. ಹೀಗೆ ವರ್ಷಕ್ಕೆ ಐದು ಸಲ ಕೊಯ್ದರೂ ಗಿಡ ಬೇಸರಿಸುವುದಿಲ್ಲ.

ಮುಂದೆ ಸಸ್ಯಶಾಸ್ತ್ರ ಓದಿ ಚಿಂತಾಮಣಿಯಲ್ಲಿ ಬಹಳ ವರ್ಷ ಮಕ್ಕಳಿಗೆ ಪಾಠ ಹೇಳಿದೆ. ಆದರೂ ಇವತ್ತಿಗೂ ನನ್ನನ್ನು ಹಿಡಿದು ನಿಲ್ಲಿಸುವುದು ಆ ಸಾಸಿವೆಯಷ್ಟು ಉಬ್ಬೇ. ಅದು ಹೊಸದಾಗಿ ಹುಟ್ಟಿದ್ದಲ್ಲ, ಮೊದಲಿನಿಂದಲೂ ಅಲ್ಲಿಯೇ ಇತ್ತು. ಹಾಗಾದರೆ ಇಷ್ಟು ದಿನ ಅದನ್ನು ಮಲಗಿಸಿದ್ದವರು ಯಾರು? ಈಗ ಎಬ್ಬಿಸಿದವರು ಯಾರು?

ಪುಸ್ತಕದಲ್ಲಿ ಇದಕ್ಕೆ ಕಂಕುಳ ಮೊಗ್ಗು ಎಂದು ಹೆಸರು, ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಂಕುಳಲ್ಲಿ ಇರುವುದರಿಂದ. ನಮ್ಮ ರೈತರು ಕಣ್ಣು ಅನ್ನುತ್ತಾರೆ. ಕಬ್ಬಿಗೆ ಕಣ್ಣು, ಆಲೂಗಡ್ಡೆಗೆ ಕಣ್ಣು, ದ್ರಾಕ್ಷಿ ಬಳ್ಳಿಗೆ ಕಣ್ಣು. ನನಗೆ ರೈತರ ಮಾತೇ ಮೇಲು. ಮುಚ್ಚಿದ್ದರೂ ಜೀವ ಇರುವುದು, ಹೊತ್ತು ಬಂದಾಗ ತೆರೆಯುವುದು, ಎರಡೂ ಆ ಒಂದು ಮಾತಿನಲ್ಲಿ ಬಂದುಬಿಟ್ಟವು. ಒಂದೊಂದು ಎಲೆಯ ಬುಡದಲ್ಲೂ ಒಂದು ಕಣ್ಣು ಇರುತ್ತದೆ. ಎಲ್ಲ ಕಣ್ಣೂ ಒಟ್ಟಿಗೆ ತೆರೆದರೆ ಗಿಡ ಪೊರಕೆಯಾಗುತ್ತದೆ, ಯಾವ ಕೊಂಬೆಗೂ ಊಟ ಸಾಲುವುದಿಲ್ಲ. ಅದಕ್ಕೇ ಗಿಡ ತನ್ನ ಕುಡಿಯೊಂದನ್ನು ಬೆಳೆಸಿ ಮಿಕ್ಕವನ್ನು ಕಾದಿರಿಸುತ್ತದೆ. ಕುಡಿಗೆ ಕುರಿ ಬಾಯಿ ಹಾಕಿದರೆ, ಗಾಳಿಗೆ ಮುರಿದರೆ, ಆಗ ಬೇಕಾಗುತ್ತದೆ ಅಂತ.

ಈ ವ್ಯವಸ್ಥೆಯ ಗುಟ್ಟು ಕುಡಿಯಲ್ಲಿದೆ ಎಂಬ ಸುಳಿವು ಮೊದಲು ಕೊಟ್ಟವರು ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್. 1880ರಲ್ಲಿ ಅವರು ಸಸ್ಯಗಳ ಚಲನೆಯ ಬಗ್ಗೆ ಒಂದು ಪುಸ್ತಕ ಬರೆದರು. ಹುಲ್ಲಿನ ಮೊಳಕೆ ಬೆಳಕಿನತ್ತ ಬಾಗುತ್ತದಲ್ಲ, ಅದರ ತುದಿಗೆ ಪುಟ್ಟ ಟೋಪಿ ಹಾಕಿ ಬೆಳಕು ತಡೆದರೆ ಬಾಗುವುದಿಲ್ಲ. ಬಾಗುವ ಜಾಗ ಕೆಳಗಿದೆ, ಬೆಳಕು ನೋಡುವ ಜಾಗ ಮೇಲಿದೆ. ಅಂದರೆ ಮೇಲಿನಿಂದ ಕೆಳಕ್ಕೆ ಏನೋ ಸುದ್ದಿ ಇಳಿಯುತ್ತಿದೆ. ಆ ಸುದ್ದಿ ಒಂದು ವಸ್ತು ಎಂದು ತೋರಿಸಿಕೊಟ್ಟವರು ಹಾಲೆಂಡಿನ ಫ್ರಿಟ್ಸ್ ವೆಂಟ್, 1926ರಲ್ಲಿ. ಓಟ್ಸ್ ಮೊಳಕೆಯ ತುದಿ ಕತ್ತರಿಸಿ, ನಮ್ಮ ಅಡುಗೆಮನೆಯ ಚೈನಾ ಗ್ರಾಸ್‌ನಂಥ ಅಗರ್ ತುಂಡಿನ ಮೇಲೆ ಕೆಲವು ಗಂಟೆ ಇಟ್ಟರು. ಆಮೇಲೆ ತುದಿಯನ್ನು ಎಸೆದು, ಬರೀ ಅಗರ್ ತುಂಡನ್ನು ಮೊಳಕೆಯ ಮೋಟಿನ ಒಂದು ಪಕ್ಕಕ್ಕೆ ಕೂರಿಸಿದರು. ಆ ಪಕ್ಕ ಹೆಚ್ಚು ಬೆಳೆದು ಮೊಳಕೆ ಇನ್ನೊಂದು ಪಕ್ಕಕ್ಕೆ ಬಾಗಿತು. ತುದಿಯಿಂದ ಅಗರ್‌ಗೆ ಇಳಿದಿದ್ದ ಆ ವಸ್ತುವೇ ಆಕ್ಸಿನ್.

ಇದು ಕಾಂಡ ಉದ್ದವಾಗುವ ಕಥೆಯಾಯಿತು. ಕಣ್ಣಿನ ಕಥೆ ಬಂದದ್ದು 1933–34ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಕೆನೆತ್ ಥಿಮನ್ ಮತ್ತು ಫೋಕ್ ಸ್ಕೂಗ್ ಎಂಬಿಬ್ಬರು ಹುರುಳಿಕಾಯಿಯ ಜಾತಿಯ ಒಂದು ಗಿಡದ ಕುಡಿ ಕತ್ತರಿಸಿದರು. ನಿರೀಕ್ಷೆಯಂತೆ ಪಕ್ಕದ ಕಣ್ಣುಗಳು ಹೊರಟವು. ಇನ್ನೊಂದಷ್ಟು ಗಿಡಗಳ ಕುಡಿ ಕತ್ತರಿಸಿ ಆ ಮೋಟಿನ ತಲೆಗೆ ಆಕ್ಸಿನ್ ಇಟ್ಟರು. ಕಣ್ಣುಗಳು ಅಲುಗಲಿಲ್ಲ. ಕುಡಿ ಇಲ್ಲ, ಆದರೂ ಕುಡಿ ಇದೆಯೆಂದೇ ಗಿಡ ತಿಳಿದಿತ್ತು. ಈ ಪ್ರಯೋಗವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನಾನೊಂದು ಮಾತು ಸೇರಿಸುತ್ತಿದ್ದೆ: ನಿಮ್ಮ ಅಜ್ಜಿ ಹಿತ್ತಲಲ್ಲಿ ಸೇವಂತಿಗೆ ಕುಡಿ ಚಿವುಟುತ್ತಾರಲ್ಲ, ಆಗ ಅವರು ಆಕ್ಸಿನ್ ಬರುವ ದಾರಿ ಕಡಿಯುತ್ತಿದ್ದಾರೆ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಬರುವ ಸೇವಂತಿಗೆ, ಚೆಂಡುಹೂವಿನ ಮೂಟೆಗಳ ಹಿಂದೆ ಇಂಥ ಸಾವಿರಾರು ಚಿವುಟುಗಳಿವೆ. ಬೆರಳ ತುದಿಯಿಂದ ಮಾಡುವ ಹಾರ್ಮೋನು ಚಿಕಿತ್ಸೆ ಅದು.

ಆದರೆ ಒಂದು ಒಗಟು ಉಳಿಯಿತು. ಕುಡಿಯಿಂದ ಇಳಿಯುವ ಆಕ್ಸಿನ್ ಕಾಂಡದ ಉದ್ದಕ್ಕೂ ಕೆಳಗೆ ಹೋಗುತ್ತದೆ, ಗಂಟೆಗೆ ಸುಮಾರು ಒಂದು ಸೆಂಟಿಮೀಟರ್ ವೇಗದಲ್ಲಿ. ಅದು ಕಣ್ಣಿನ ಒಳಗೆ ಹೋಗುವುದೇ ಇಲ್ಲ! ಬಾಗಿಲು ತಟ್ಟದೆ ಮನೆಯವರನ್ನು ಒಳಗೇ ಕೂರಿಸುವುದು ಹೇಗೆ?

ಇದಕ್ಕೆ ವಿಜ್ಞಾನಿಗಳು ಕೊಡುವ ಒಂದು ವಿವರಣೆ ನಮ್ಮ ಕೆರೆ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ಒಳ್ಳೆಯ ಮಳೆಗೆ ರಾಜಕಾಲುವೆ ದಡ ಮುಟ್ಟಿ ಹರಿಯುತ್ತಿದೆ ಅನ್ನಿ. ನಿಮ್ಮ ಹೊಲದ ನೀರು ಒಂದು ಸಣ್ಣ ಕಾಲುವೆಯಲ್ಲಿ ಬಂದು ಅದಕ್ಕೆ ಸೇರಬೇಕು. ಸೇರುವುದಿಲ್ಲ, ಹಿಂದಕ್ಕೇ ಒತ್ತುತ್ತದೆ. ರಾಜಕಾಲುವೆ ಇಳಿದ ಮೇಲೆ ನಿಮ್ಮ ಕಾಲುವೆಗೆ ದಾರಿ, ಒಮ್ಮೆ ಹರಿಯತೊಡಗಿದರೆ ಆ ಹರಿವೇ ಪಾತ್ರ ಕೊರೆದು ಅಗಲ ಮಾಡಿಕೊಳ್ಳುತ್ತದೆ. ಕಣ್ಣು ಕೂಡ ಹಾಗೆಯೇ. ಅದು ತಾನೂ ಸ್ವಲ್ಪ ಆಕ್ಸಿನ್ ತಯಾರಿಸುತ್ತದೆ. ಅದನ್ನು ನಡುಕಾಂಡಕ್ಕೆ ಹರಿಸಿದರೆ ಮಾತ್ರ ಅದರ ನಾಳಗಳು ಬೆಳೆದು ಕಾಂಡದ ನಾಳಗಳಿಗೆ ಕೂಡಿಕೊಳ್ಳುತ್ತವೆ, ನೀರು ಊಟ ಬರುತ್ತದೆ. ನಡುಕಾಂಡ ತುಂಬಿ ಹರಿಯುತ್ತಿರುವವರೆಗೆ ಕಣ್ಣಿಗೆ ಹರಿಸಲು ಜಾಗವಿಲ್ಲ. ಕುಡಿ ಕಡಿದ ದಿನ ರಾಜಕಾಲುವೆ ಇಳಿಯಿತು.

ಇದೊಂದೇ ಕಾರಣ ಅಂದುಕೊಳ್ಳಬೇಡಿ. ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು ಇದೆ, ಕಣ್ಣನ್ನು ಎಬ್ಬಿಸುವಂಥದ್ದು. ಅದೇ ಸ್ಕೂಗ್ ಮತ್ತು ಕಾರ್ಲೋಸ್ ಮಿಲ್ಲರ್ 1955ರಲ್ಲಿ ಇದರ ಮೊದಲ ನಮೂನೆಯನ್ನು ಬೇರ್ಪಡಿಸಿದ್ದು ಮೀನಿನ ವೀರ್ಯದ ಡಿಎನ್‌ಎಯಿಂದ. ಗಿಡದಲ್ಲೇ ಇರುವ ಸೈಟೋಕೈನಿನ್ ಆಮೇಲೆ ಎಳೆಯ ಮುಸುಕಿನ ಜೋಳದ ಕಾಳಿನಲ್ಲಿ ಸಿಕ್ಕಿತು. ಇದರ ಒಂದು ಪಾಲು ಬೇರಿನಲ್ಲಿ ತಯಾರಾಗಿ ಮೇಲೇರುತ್ತದೆ. ಮಣ್ಣಿನಲ್ಲಿ ಸಾರಜನಕ ಚೆನ್ನಾಗಿದ್ದರೆ ಹೆಚ್ಚು ಏರುತ್ತದೆ. ಅದರ ಎದುರಾಳಿಯೂ ಬೇರಿನಿಂದಲೇ ಬರುತ್ತದೆ: ಸ್ಟ್ರೈಗೋಲ್ಯಾಕ್ಟೋನ್. ಈ ಹೆಸರಿನ ಮೂಲ ಕೇಳಿದರೆ ಜೋಳ, ರಾಗಿ, ಕಬ್ಬು ಬೆಳೆಯುವವರು ಬೆಚ್ಚುತ್ತಾರೆ. ಬೆಳೆಯ ಬೇರಿಗೆ ಬೇರು ಹಾಕಿ ಹೀರುವ ಸ್ಟ್ರೈಗಾ ಎಂಬ ಕಳೆ ಇದೆಯಲ್ಲ, ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ಹತ್ತಿರದಲ್ಲಿ ಬೇರು ಬಂದಾಗ ಮಾತ್ರ ಮೊಳೆಯುತ್ತದೆ. ಬೇರು ಬಂತು ಎಂದು ಅದಕ್ಕೆ ತಿಳಿಸುವ ವಸ್ತುವನ್ನು 1966ರಲ್ಲಿ ಹತ್ತಿ ಗಿಡದ ಬೇರಿನ ಸ್ರಾವದಿಂದ ಹೊರತೆಗೆದರು. ಗಿಡ ತನ್ನ ವೈರಿಯನ್ನು ತಾನೇ ಯಾಕೆ ಕರೆಯುತ್ತದೆ? ಕರೆಯುವುದು ವೈರಿಯನ್ನಲ್ಲ, ರಂಜಕ ತಂದುಕೊಡುವ ಸ್ನೇಹಿತ ಶಿಲೀಂಧ್ರವನ್ನು ಎಂದು 2005ರಲ್ಲಿ ಗೊತ್ತಾಯಿತು. ಕಳೆ ಆ ಕರೆಯನ್ನು ಕದ್ದು ಕೇಳುತ್ತದೆ. ಇನ್ನೂ ಮೂರು ವರ್ಷಕ್ಕೆ, 2008ರಲ್ಲಿ, ಫ್ರಾನ್ಸ್ ಮತ್ತು ಜಪಾನಿನ ಎರಡು ತಂಡಗಳು ಒಟ್ಟಿಗೆ ಹೊರಗೆಡವಿದ ಸಂಗತಿ ನಮಗೆ ಮುಖ್ಯ: ಇದೇ ವಸ್ತು ಕಾಂಡಕ್ಕೆ ಏರಿ ಕಣ್ಣುಗಳನ್ನು ಮುಚ್ಚಿಡುತ್ತದೆ. ಮಣ್ಣಿನಲ್ಲಿ ರಂಜಕ ಕಡಿಮೆಯಾದಷ್ಟೂ ಬೇರು ಇದನ್ನು ಹೆಚ್ಚು ತಯಾರಿಸುತ್ತದೆ. ಉಗ್ರಾಣ ಬರಿದಾಗಿದೆ, ಹೊಸ ಸಂಸಾರ ಹೂಡಬೇಡ ಎಂದು ಬೇರು ಕೊಂಬೆಗೆ ಹೇಳಿ ಕಳಿಸಿದ ಹಾಗೆ.

ಸಕ್ಕರೆಯ ಮಾತೂ ಇದೆ. ಕುಡಿ ಕಡಿದ ತಕ್ಷಣ ಅದು ತಿನ್ನುತ್ತಿದ್ದ ಸಕ್ಕರೆ ಪಕ್ಕದ ಕಣ್ಣುಗಳಿಗೆ ಹರಿಯುತ್ತದೆ. ಆಕ್ಸಿನ್ ಇಳಿದುಹೋಗುವುದಕ್ಕೆ ಮುಂಚೆಯೇ ಕಣ್ಣು ಹಂದಾಡುವುದು ಇದರಿಂದ ಎಂದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನವರು 2014ರಲ್ಲಿ ಬಟಾಣಿ ಗಿಡದಲ್ಲಿ ತೋರಿಸಿದರು.

ಈಗ ಶಿಡ್ಲಘಟ್ಟಕ್ಕೆ ವಾಪಸ್ಸು ಬನ್ನಿ. ಕಡ್ಡಿ ಕೊಯ್ದ ಮೇಲೆ ಅಗೆದು, ಗೊಬ್ಬರ ಕೊಟ್ಟು, ನೀರು ಬಿಡಬೇಕು ಎಂದು ನಮ್ಮ ಹಿರಿಯರು ಗಟ್ಟಿಯಾಗಿ ಹಿಡಿದಿದ್ದು ಯಾಕೆ ಅನ್ನುವುದು ಇದರಲ್ಲಿದೆ. ಮಚ್ಚು ಮಾಡುವುದು ಅರ್ಧ ಕೆಲಸ, ಮೇಲಿನ ತಡೆ ತೆಗೆಯುವುದು. ಕೆಳಗಿನಿಂದ ಬೇರು ಒಪ್ಪಿಗೆ ಕೊಡಬೇಕು. ಗೊಬ್ಬರ ಕಾಣದ ತೋಟದಲ್ಲಿ ಕಡಿದರೂ ಬೊಡ್ಡೆಗೆ ಎರಡು ಮೂರು ಕಡ್ಡಿ ಮಾತ್ರ ಬರುವುದನ್ನು ನೀವೆಲ್ಲ ಕಂಡಿದ್ದೀರಿ. ಕಡಿಯುವಾಗ ಮೊಂಡು ಮಚ್ಚಿನಿಂದ ತೊಗಟೆ ಸೀಳಿದರೂ ಅಷ್ಟೇ. ಮಲಗಿರುವ ಕಣ್ಣುಗಳೆಲ್ಲ ಇರುವುದು ಆ ತೊಗಟೆಯಲ್ಲಿ, ಸೀಳಿನಲ್ಲಿ ಒಣಗಿದ ಕಣ್ಣು ಮತ್ತೆ ತೆರೆಯುವುದಿಲ್ಲ.

ಕಡ್ಡಿ ನಾಟಿಯಲ್ಲೂ ಇದೇ ಆಕ್ಸಿನ್ ಕೆಲಸ ಮಾಡುತ್ತದೆ. ಮೂರು ನಾಲ್ಕು ಕಣ್ಣಿರುವ ಕಡ್ಡಿ ತುಂಡು ಮಾಡಿ ನರ್ಸರಿ ಮಡಿಗೆ ಊರುತ್ತೇವೆ. ಕಣ್ಣು ಮೇಲ್ಮುಖವಾಗಿರಲಿ ಎಂದು ಕೂಲಿಯವರಿಗೆ ಹತ್ತು ಸಲ ಹೇಳುತ್ತೇವೆ. ಆಕ್ಸಿನ್‌ಗೆ ದಿಕ್ಕು ಗೊತ್ತು. ಜೀವಕೋಶಗಳ ಕೆಳಬದಿಯಲ್ಲಿ ಅದನ್ನು ಹೊರಗೆ ತಳ್ಳುವ ಬಾಗಿಲುಗಳಿವೆ, ಹಾಗಾಗಿ ಅದು ಯಾವಾಗಲೂ ಕುಡಿಯಿಂದ ಬುಡದ ಕಡೆಗೇ ಇಳಿಯುತ್ತದೆ. ಬುಡದ ಕೊಯ್ಲಿನ ಹತ್ತಿರ ಶೇಖರವಾಗಿ ಅಲ್ಲಿ ಬೇರು ಬರಿಸುತ್ತದೆ. ಕಡ್ಡಿಯನ್ನು ತಲೆಕೆಳಗು ಊರಿದರೂ ಬೇರು ಬರಲು ನೋಡುವುದು ಅದರ ಹಳೆಯ ಬುಡದಲ್ಲೇ, ಅಂದರೆ ಗಾಳಿಯಲ್ಲಿ! ಬೇಗ ಬೇರು ಬರಲಿ ಎಂದು ನರ್ಸರಿಯವರು ಅದ್ದುವ ಪುಡಿಯಲ್ಲಿ ಇರುವುದೂ ಐಬಿಎ ಎಂಬ ಆಕ್ಸಿನ್ನೇ.

ಹಿಪ್ಪುನೇರಳೆಯ ಕುಡಿ ಮುದುಡಿಸುವ ತುಕ್ರದ ಬಗ್ಗೆ ಒಂದು ಮಾತು. ಹಿಟ್ಟು ತಿಗಣೆ ಎಳೆ ಕುಡಿಗೆ ಮುತ್ತಿ ರಸ ಹೀರುವಾಗ ತನ್ನ ಜೊಲ್ಲನ್ನು ಒಳಗೆ ಬಿಡುತ್ತದೆ. ಕುಡಿಯ ಬೆಳವಣಿಗೆಯ ಲೆಕ್ಕವೇ ತಪ್ಪಿಹೋಗುತ್ತದೆ. ಗಿಣ್ಣುಗಳ ಅಂತರ ಕುಗ್ಗಿ, ಎಲೆ ದಪ್ಪಗಾಗಿ, ಕಡು ಹಸಿರಾಗಿ ಮುದುಡಿ, ಕುಡಿ ಮುಷ್ಟಿ ಹಿಡಿದಂತೆ ಗಂಟಾಗುತ್ತದೆ. ಅಂಥ ಕುಡಿಯನ್ನು ಚಿವುಟಿ ತಿಗಣೆ ಸಮೇತ ಸುಟ್ಟುಬಿಡಬೇಕು. ಕೆಳಗಿನ ಕಣ್ಣಿನಿಂದ ಒಳ್ಳೆಯ ಕುಡಿ ಬರುತ್ತದೆ. ತಿಗಣೆ ತಿನ್ನುವ ಗುಲಗಂಜಿ ಹುಳುಗಳನ್ನು ಬಿಡುವ ಪದ್ಧತಿಯೂ ನಮ್ಮಲ್ಲಿದೆ. ಹುಳುಮನೆಯ ಪಕ್ಕದ ತೋಟಕ್ಕೆ ಔಷಧಿ ಹೊಡೆಯಲು ಕೈ ಹಿಂಜರಿಯುವವರಿಗೆ ಅದೇ ಸರಿಯಾದ ದಾರಿ ಎಂದು ನಾನು ನಂಬಿದ್ದೇನೆ.

ರೇಷ್ಮೆ ಹುಳುವಿಗೂ ಹಾರ್ಮೋನು ಉಂಟು, ಅದರದು ಬೇರೆ. ನಾಲ್ಕು ಸಲ ಜ್ವರಕ್ಕೆ ಕೂರಿಸಿ ಪೊರೆ ಬಿಡಿಸುವ ಆ ಹಾರ್ಮೋನನ್ನು 1954ರಲ್ಲಿ ಜರ್ಮನಿಯ ಬ್ಯೂಟನಾಂಟ್ ಮತ್ತು ಕಾರ್ಲ್‌ಸನ್ ಬೇರ್ಪಡಿಸಿದರು. 500 ಕಿಲೋ ರೇಷ್ಮೆ ಕೋಶದಿಂದ ಅವರಿಗೆ ಸಿಕ್ಕಿದ್ದು 25 ಮಿಲಿಗ್ರಾಂ. ಸೋಜಿಗವೆಂದರೆ ಹುಳುವಿನ ಈ ಹಾರ್ಮೋನಿನಂಥದ್ದನ್ನೇ ಕೆಲವು ಗಿಡಗಳೂ ತಯಾರಿಸುತ್ತವೆ. ಹುಳು ಒಟ್ಟಿಗೆ ಹಣ್ಣಾಗಲಿ ಎಂದು ಸೊಪ್ಪಿಗೆ ಚಿಮುಕಿಸುವ 'ಸಂಪೂರ್ಣ' ಅಂಥ ಗಿಡದ ಮೂಲದ್ದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಹೊರತಂದದ್ದು.

ದ್ರಾಕ್ಷಿಗೆ ಬರುತ್ತೇನೆ. ಚಿಕ್ಕಬಳ್ಳಾಪುರದ ಸುತ್ತ ಚಪ್ಪರದ ಕೆಳಗೆ ನಿಂತರೆ ಒಂದು ಕಡೆ ನಂದಿ ಬೆಟ್ಟ, ತಲೆಯ ಮೇಲೆ ಬೆಂಗಳೂರು ಬ್ಲೂ ಇಲ್ಲವೇ ದಿಲ್‌ಖುಷ್. ದ್ರಾಕ್ಷಿ ಮೂಲತಃ ಚಳಿ ಸೀಮೆಯದು. ಅಲ್ಲಿ ಹಿಮ ಬೀಳುವಾಗ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ. ನಮ್ಮ ಹಿತವಾದ ಹವೆಯಲ್ಲಿ ಅದಕ್ಕೆ ಮಲಗುವ ಹೊತ್ತು ಯಾವುದು, ಏಳುವ ಹೊತ್ತು ಯಾವುದು ಗೊತ್ತಾಗುವುದಿಲ್ಲ. ಗೊತ್ತುಮಾಡುವುದು ನಮ್ಮ ಕತ್ತರಿ. ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಏಪ್ರಿಲ್ ಸುಮಾರಿಗೆ ಒಂದು ಸಲ ಗಿಡ್ಡಗೆ ಕತ್ತರಿಸಿ ಬಳ್ಳಿ ಬೆಳೆಸುತ್ತಾರೆ, ಅಕ್ಟೋಬರ್ ಸುಮಾರಿಗೆ ಇನ್ನೊಂದು ಸಲ ಕತ್ತರಿಸಿ ಹಣ್ಣು ಪಡೆಯುತ್ತಾರೆ. ಬೆಂಗಳೂರು ಬ್ಲೂ ಇನ್ನೂ ಧಾರಾಳಿ, ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ.

ಅಕ್ಟೋಬರಿನಲ್ಲಿ ಎಷ್ಟು ಗೊಂಚಲು ಬರುತ್ತದೆ ಎಂಬುದು ಅಕ್ಟೋಬರಿನಲ್ಲಿ ತೀರ್ಮಾನವಾಗುವುದಲ್ಲ. ಬೇಸಿಗೆಯ ಕಟಿಂಗ್ ಆಗಿ ಒಂದೂವರೆ ಎರಡು ತಿಂಗಳಿಗೆ, ಕಣ್ಣು ಇನ್ನೂ ಮುಚ್ಚಿರುವಾಗಲೇ, ಅದರೊಳಗೆ ಸೂಜಿಮೊನೆಯಷ್ಟು ಒಂದು ಅಂಕುರ ಕೂತಿರುತ್ತದೆ. ಅದು ಹೂಗೊಂಚಲೂ ಆಗಬಹುದು, ತಂತಿಗೆ ಸುತ್ತಿಕೊಳ್ಳುವ ನುಲಿಬಳ್ಳಿಯೂ ಆಗಬಹುದು. ಎರಡೂ ಒಂದೇ ಮೂಲದವು. ಸೈಟೋಕೈನಿನ್ ಮೇಲುಗೈ ಆದರೆ ಗೊಂಚಲು, ಜಿಬ್ಬರೆಲಿನ್ ಮೇಲುಗೈ ಆದರೆ ನುಲಿಬಳ್ಳಿ. 1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಸಿ. ಶ್ರೀನಿವಾಸನ್ ಮತ್ತು ಮೈಕೆಲ್ ಮುಲ್ಲಿನ್ಸ್ ಎಂಬ ವಿಜ್ಞಾನಿಗಳು ನುಲಿಬಳ್ಳಿಗೆ ಸೈಟೋಕೈನಿನ್ ಕೊಟ್ಟು ಅದನ್ನೇ ಹೂಗೊಂಚಲಾಗಿ ಮಾಡಿ ತೋರಿಸಿದರು. 2002ರಲ್ಲಿ ಇನ್ನೊಂದು ಪುರಾವೆ ಬಂತು: ಜಿಬ್ಬರೆಲಿನ್ ಮಾತು ಕೇಳದ ಒಂದು ಕುಳ್ಳ ದ್ರಾಕ್ಷಿಯಲ್ಲಿ ನುಲಿಬಳ್ಳಿ ಬರಬೇಕಾದ ಕಡೆಯೆಲ್ಲ ಗೊಂಚಲು ಬಂದಿತ್ತು.

ಬೇಸಿಗೆ ಕಟಿಂಗ್ ಆದ ಮೇಲೆ ಐದಾರು ಎಲೆ ಬಂದಾಗ ನಮ್ಮವರು 'ಸಿಸಿಸಿ' ಹೊಡೆಯುತ್ತಾರಲ್ಲ, ಅದು ಜಿಬ್ಬರೆಲಿನ್ ತಯಾರಿಕೆಗೆ ತಡೆ ಹಾಕುತ್ತದೆ. ಬಳ್ಳಿ ಓಡುವುದು ನಿಲ್ಲುತ್ತದೆ, ಒಳಗೆ ಗೊಂಚಲಿನ ಕಡೆ ತಕ್ಕಡಿ ವಾಲುತ್ತದೆ. ಇದು ತಿಳಿದವರು ಇನ್ನೊಂದನ್ನೂ ಗಮನಿಸಬೇಕು. ಆ ಎರಡು ತಿಂಗಳು ಯೂರಿಯಾ ಸುರಿದು, ನೀರು ಬಿಟ್ಟು ಬಳ್ಳಿಯನ್ನು ನಾಗಾಲೋಟಕ್ಕೆ ಬಿಟ್ಟರೆ, ಚಪ್ಪರ ಮುಚ್ಚಿ ಕಣ್ಣಿಗೆ ಬಿಸಿಲು ಬೀಳದಿದ್ದರೆ, ಸಿಸಿಸಿ ಕೊಟ್ಟ ದುಡ್ಡು ಹೊಳೆಗೆ ಹೋಯಿತು. ಬೇಡದ ಚಿಗುರು ಮುರಿದು ಬೆಳಕು ಬಿಡುವ ಕೈಯೇ ಮೊದಲ ಔಷಧಿ.

ಅಕ್ಟೋಬರ್ ಕಟಿಂಗ್ ಆದ ಮೇಲೆ ಕಣ್ಣು ಒಟ್ಟಿಗೆ ಒಡೆಯಲಿ ಎಂದು ಹತ್ತಿ ಸುತ್ತಿದ ಕಡ್ಡಿಯಿಂದ ಕಣ್ಣುಗಳಿಗೆ ಬಳಿಯುವ ಹೈಡ್ರೋಜನ್ ಸಯನಮೈಡ್ ಹಾರ್ಮೋನಲ್ಲ, ವಿಷ. ಕೈಗವಸು ಇಲ್ಲದೆ ದಯವಿಟ್ಟು ಮುಟ್ಟಬೇಡಿ. ಹಾಗೆ ಬಳಿದ ದಿನ, ಅದರ ಆಚೀಚೆ ದಿನಗಳಲ್ಲೂ, ಹೆಂಡ ಸಾರಾಯಿ ಮುಟ್ಟಿದರೆ ಎದೆ ಹೊಡೆದುಕೊಂಡು ಪ್ರಾಣಕ್ಕೇ ಬರಬಹುದು. ಕೂಲಿಗೆ ಬರುವವರಿಗೆ ಇದನ್ನು ಬಾಯಿಬಿಟ್ಟು ಹೇಳುವುದು ತೋಟದವರ ಜವಾಬ್ದಾರಿ.

ಜಿಬ್ಬರೆಲಿನ್ ಅಂದೆ. ಕಾಂಡವನ್ನು ಎಳೆದು ಉದ್ದ ಮಾಡುವ ಈ ಹಾರ್ಮೋನು ಸಿಕ್ಕಿದ್ದು ಒಂದು ರೋಗದ ಬೆನ್ನು ಹತ್ತಿದಾಗ. ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಪೈರು ಮಿಕ್ಕವಕ್ಕಿಂತ ಎತ್ತರಕ್ಕೆ ತೆಳ್ಳಗೆ ಬೆಳೆದು, ಕಾಳು ಕಟ್ಟದೆ ಬಿದ್ದುಹೋಗುತ್ತಿತ್ತು. ಅವರು ಅದನ್ನು ಬಕಾನೆ ಎಂದರು, ಪೆದ್ದು ಪೈರು ಎಂದು ಅರ್ಥ. 1926ರಲ್ಲಿ, ವೆಂಟ್ ಹಾಲೆಂಡಿನಲ್ಲಿ ಓಟ್ಸ್ ಮೊಳಕೆ ಕತ್ತರಿಸುತ್ತಿದ್ದ ಅದೇ ವರ್ಷ, ತೈವಾನಿನಲ್ಲಿ ಐಚಿ ಕುರೊಸಾವ ಆ ರೋಗದ ಶಿಲೀಂಧ್ರ ಬೆಳೆಸಿ, ಸೋಸಿದ ದ್ರವವನ್ನಷ್ಟೇ ಪೈರಿಗೆ ಕೊಟ್ಟರು. ಪೈರು ಎತ್ತರವಾಯಿತು. ಆ ದ್ರವದಲ್ಲಿದ್ದದ್ದೇ ಜಿಬ್ಬರೆಲಿನ್. ನಮ್ಮವರ ಬಾಯಲ್ಲಿ 'ಜಿಎ'. ಬೀಜವಿಲ್ಲದ ದ್ರಾಕ್ಷಿಗೆ ಜಿಎ ಕೊಡದಿದ್ದರೆ ಹಣ್ಣು ದಪ್ಪವಾಗುವುದಿಲ್ಲ, ಏಕೆಂದರೆ ಹಣ್ಣನ್ನು ಹಿಗ್ಗಿಸುವ ಹಾರ್ಮೋನು ಬರುವುದು ಬೀಜದಿಂದ. ಬೆಂಗಳೂರು ಬ್ಲೂಗೆ ಬೀಜ ಇದೆ, ಅದು ತನ್ನ ಜಿಎ ತಾನೇ ತಂದುಕೊಂಡಿದೆ.

ಎತ್ತರ ಬೇಡವಾದಾಗ? 1960ರ ದಶಕದಲ್ಲಿ ನಮ್ಮ ದೇಶದ ಹೊಟ್ಟೆ ತುಂಬಿಸಿದ ಕುಳ್ಳ ಗೋಧಿಯ ಕಾಂಡ ಕುಳ್ಳಗಿದ್ದದ್ದು ಜಿಬ್ಬರೆಲಿನ್ ಕೂಗಿದರೂ ಅದಕ್ಕೆ ಕೇಳಿಸದ ಹಾಗೆ ಒಂದು ಜೀನ್ ಬದಲಾಗಿದ್ದರಿಂದ. ಕುಳ್ಳ ಭತ್ತದಲ್ಲಿ ಆ ಹಾರ್ಮೋನಿನ ತಯಾರಿಕೆಯೇ ಕಡಿಮೆ. ತೆನೆ ಭಾರವಾದರೂ ಪೈರು ಮಲಗಲಿಲ್ಲ. ಬೆಳೆದವರಿಗೆ, ಉಂಡವರಿಗೆ ಈ ಗುಟ್ಟು ಆಗ ಗೊತ್ತಿರಲಿಲ್ಲ. ಗೋಧಿಯ ಜೀನ್ ಕೈಗೆ ಸಿಕ್ಕಿದ್ದು 1999ರಲ್ಲಿ.

ಚಿಂತಾಮಣಿಯ ಮಾವಿನ ತೋಟಗಳಲ್ಲಿ ಇದನ್ನೇ ಬಾಟಲಿಯಿಂದ ಮಾಡುತ್ತಾರೆ. ಮಾವಿಗೆ ಒಂದು ವರ್ಷ ಫಸಲು, ಮರುವರ್ಷ ಬರೀ ಚಿಗುರು. ಪ್ಯಾಕ್ಲೋಬ್ಯುಟ್ರಜಾಲ್ ಎಂಬ ವಸ್ತುವನ್ನು ಬುಡದ ಸುತ್ತ ಮಣ್ಣಿಗೆ ಹಾಕಿದರೆ ಜಿಬ್ಬರೆಲಿನ್ ಕುಗ್ಗಿ, ಚಿಗುರು ನಿಂತು, ಕಣ್ಣು ಹೂವಿಗೆ ತಿರುಗುತ್ತದೆ. ಲಾಭ ಇರುವುದು ನಿಜ. ಆದರೆ ಅದು ಮಣ್ಣಿನಲ್ಲಿ ಬಹಳ ಕಾಲ ನಿಲ್ಲುವ ವಸ್ತು. ಅಳತೆ ಮೀರಿದರೆ ಚಿಗುರು ಗಿಡ್ಡವಾಗಿ, ಹೂಗೊಂಚಲು ಒತ್ತಾಗಿ ಮುದುಡುತ್ತದೆ. ಎಳೆಯ ಮರಕ್ಕೆ, ಸೊರಗಿದ ಮರಕ್ಕೆ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಯಾವುದನ್ನೂ ಪ್ರಶ್ನೆ ಕೇಳದೆ ಒಪ್ಪಬಾರದೆಂದು ಜೀವಮಾನವೆಲ್ಲ ನಮಗೆ ಕಲಿಸಿದರು. ಗೊಬ್ಬರದ ಅಂಗಡಿಯ ಕಟ್ಟೆಯ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ ಸರಳ: ಇದರಲ್ಲಿ ಏನಿದೆ, ನನ್ನ ಗಿಡದ ಯಾವ ಹಾರ್ಮೋನನ್ನು ಇದು ಏರಿಸುತ್ತದೆ, ಯಾವುದನ್ನು ಇಳಿಸುತ್ತದೆ?

ಈ ಪ್ರಶ್ನೆ ಕೇಳದೆ ನಮ್ಮ ಮನೆಯಲ್ಲೇ ಒಂದು ಅನಾಹುತ ಆಯಿತು. ಒಂದು ದಿನ ಬೆಳಿಗ್ಗೆ ದೊಡ್ಡಣ್ಣ ಫೋನು ಮಾಡಿ, "ಲೋ, ದ್ರಾಕ್ಷಿ ಎಲೆ ಒಂಥರಾ ಆಗ್ಬಿಟ್ಟಿದೆ, ಬೀಸಣಿಗೆ ಇದ್ದಂಗೆ. ಬಂದು ನೋಡೋ" ಅಂದರು. ಹೋದೆ. ಚಪ್ಪರದ ಕೆಳಗೆ ಹೆಜ್ಜೆ ಇಟ್ಟ ಕೂಡಲೇ ಗೊತ್ತಾಯಿತು. ಹೊಸ ಎಲೆಗಳು ಅಗಲವಾಗಿ ಬಿಚ್ಚದೆ ಕೈಬೆರಳು ಜೋಡಿಸಿದಂತೆ ಕಿರಿದಾಗಿದ್ದವು. ನರಗಳು ಒಂದಕ್ಕೊಂದು ಒತ್ತಿಕೊಂಡು ಬೆಳ್ಳಗೆ ಉಬ್ಬಿದ್ದವು, ಎಲೆಯಂಚು ಗರಗಸದ ಹಲ್ಲಿನಂತೆ ಚೂಪಾಗಿತ್ತು. ಎಳೆ ಕುಡಿಗಳು ಕುರಿಮರಿಯ ಬಾಲದ ಹಾಗೆ ಸುತ್ತಿಕೊಂಡಿದ್ದವು.

"ಅಣ್ಣಾ, ಔಷಧಿ ಹೊಡೆದ ಪಂಪು ಯಾರದ್ದು?"

"ನಮ್ದು ಕೆಟ್ಟಿತ್ತು. ಗೌರಿಬಿದನೂರಿನ ನೆಂಟರ ಮನೆಯಿಂದ ತಂದಿದ್ದೆ. ಯಾಕೆ?"

ಆ ನೆಂಟರು ಅದೇ ಪಂಪಿನಲ್ಲಿ ಮುಸುಕಿನ ಜೋಳದ ಕಳೆಗೆ 2,4-ಡಿ ಹೊಡೆದಿದ್ದರು. ಅಣ್ಣ ಅದನ್ನು ಒಂದು ಸಲ ಬರೀ ನೀರಲ್ಲಿ ಅಲುಗಿಸಿ ಚೆಲ್ಲಿದ್ದರು. 2,4-ಡಿ ಅಂದರೆ ಕಾರ್ಖಾನೆಯಲ್ಲಿ ತಯಾರಿಸಿದ ಆಕ್ಸಿನ್, ಎರಡನೇ ಮಹಾಯುದ್ಧದ ಕಾಲದ್ದು. ಗಿಡದ ಸ್ವಂತ ಆಕ್ಸಿನ್ ಕೆಲಸ ಮುಗಿದ ಮೇಲೆ ಕರಗಿಹೋಗುತ್ತದೆ, ಇದು ಬೇಗ ಕರಗುವುದಿಲ್ಲ. ಬೆಳೆ, ಬೆಳೆ ಎಂದು ನಿಲ್ಲಿಸದೆ ಕೂಗುತ್ತಲೇ ಇರುತ್ತದೆ. ಜೋಳ, ರಾಗಿಯಂಥ ಹುಲ್ಲಿನ ಜಾತಿ ಅದನ್ನು ಅರಗಿಸಿಕೊಳ್ಳುತ್ತದೆ, ಅಗಲ ಎಲೆಯ ಗಿಡ ತಿರುಚಿಕೊಂಡು ಸಾಯುತ್ತದೆ. ದ್ರಾಕ್ಷಿ, ಟೊಮೆಟೊ, ಹತ್ತಿ ಇದಕ್ಕೆ ಬಹಳ ನಾಜೂಕು. ಪಂಪಿನ ಪೈಪಿನಲ್ಲಿ ಉಳಿದ ಪಸೆ ಸಾಕು, ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿಬಂದದ್ದೂ ಸಾಕು. ಕಳೆನಾಶಕಕ್ಕೆ ಒಂದು ಪಂಪನ್ನು ಬೇರೆಯೇ ಇಡಿ, ಅದಕ್ಕೆ ಬಣ್ಣ ಬಳಿದು ಗುರುತು ಮಾಡಿ, ಯಾರು ಕೇಳಿದರೂ ಎರವಲು ಕೊಡಬೇಡಿ.

ಅಣ್ಣ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬುಡ ಕೀಳಿಸಬೇಕೇನೋ?" ಅಂದರು. ಬೇಡ, ಕಾಯೋಣ ಅಂದೆ. ಆ ಸಲದ ಬೆಳೆ ಹೋಯಿತು. ಕೆಟ್ಟ ಬಳ್ಳಿಯನ್ನೆಲ್ಲ ಹಳೆಯ ದಪ್ಪ ಕೊಂಬೆಯವರೆಗೆ ಕತ್ತರಿಸಿ, ಕೊಟ್ಟಿಗೆ ಗೊಬ್ಬರ ಹಾಕಿ, ಹದವಾಗಿ ನೀರು ಕೊಟ್ಟೆವು. ಮೊ­ದಲ ವಾರ ಏನೂ ಇಲ್ಲ, ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ಅಣ್ಣನ ಫೋನು ಬಂತು. ಹಳೆಯ ತೊಗಟೆ ಸೀಳಿಕೊಂಡು, ಎಷ್ಟು ವರ್ಷದಿಂದ ಮಲಗಿತ್ತೋ ಏನೋ, ಒಂದು ಕಣ್ಣು ಒಡೆದಿತ್ತು.

ಆ ಚಿಗುರಿನ ಮೊದಲ ಮೂರು ಎಲೆ ಬೀಸಣಿಗೆಯೇ. ನಾಲ್ಕನೆಯದು ಸ್ವಲ್ಪ ಬಿಚ್ಚಿತು. ಏಳನೆಯದು ದ್ರಾಕ್ಷಿ ಎಲೆ ಹೇಗಿರಬೇಕೋ ಹಾಗಿತ್ತು. ಅದರ ಎದುರಿಗೆ ಒಂದು ನುಲಿಬಳ್ಳಿ. ಅದರ ಒಂದು ಕವಲು ತಂತಿ ಹುಡುಕುತ್ತ ಸುರುಳಿ ಸುತ್ತಿತ್ತು, ಇನ್ನೊಂದು ಕವಲಿನ ತುದಿಯಲ್ಲಿ ಮೆಣಸಿನ ಕಾಳಿನಷ್ಟು ನಾಲ್ಕು ದ್ರಾಕ್ಷಿ ಕೂತಿದ್ದವು.

"ಇದೇನೋ ಇದು, ನುಲಿಬಳ್ಳಿನೋ ಗೊಂಚಲೋ?" ಅಂದರು ಅಣ್ಣ.

"ಒಳಗೆ ಇನ್ನೂ ತೀರ್ಮಾನ ಆಗಿರಲಿಲ್ಲ ಅಣ್ಣಾ" ಅಂದೆ.

ಅವರು ಅದನ್ನು ಕತ್ತರಿಸಲಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಾಳೆ ನಾರು ತೆಗೆದು, ನೀರಲ್ಲಿ ನೆನೆಸಿ, ಆ ಚಿಗುರನ್ನು ಚಪ್ಪರದ ತಂತಿಗೆ ಸಡಿಲವಾಗಿ ಕಟ್ಟಿದರು.